ರಸ್ತೆಯ ಆಚೆ ಕಾರು, ಈಚೆ ಎಂಜಿನ್ನು

ಈ ಮಳೆಗಾಲದ ಒಂದು ಮಧ್ಯಾಹ್ನ ಮೊಮ್ಮಗಳು ತನ್ನ ಚರ್ಮದ ಚೀಲಕ್ಕೆ ಬೂಷ್ಟು ಹಿಡಿದಿದೆ ಎಂದು ಅಡುಗೆಮನೆಯಿಂದ ತೆಂಗಿನೆಣ್ಣೆ ತಂದು, ಬಟ್ಟೆಯ ಚೂರಿನಿಂದ ತಿಕ್ಕುತ್ತ ಜಗಲಿಯಲ್ಲಿ ಕುಳಿತಿದ್ದಳು. ನಾನು ಒಳಗೆ ಅಕ್ಕಿ ಆರಿಸುತ್ತಿದ್ದೆ. ಚರ್ಮವೂ ಎಣ್ಣೆಯೂ ಕೂಡಿದ ಆ ವಾಸನೆ ಹೊಸ್ತಿಲು ದಾಟಿ ಒಳಗೆ ಬಂತು. ನನ್ನ ಕೈ ಮೊರದ ಮೇಲೆಯೇ ನಿಂತುಹೋಯಿತು.

"ಎಂತ ಆತು ಅಜ್ಜಿ?" ಎಂದು ಅವಳು ಕೇಳಿದಳು.

ಏನಿಲ್ಲ ಎಂದೆ. ಯಾರು ಏನು ಕೇಳಿದರೂ ನಾನು ಹೇಳುವುದು ಅದನ್ನೇ...

ಆದರೆ ಆ ದಿನದಿಂದ ಒಂದು ಮಾತು ಒಳಗೆ ಕುಳಿತು ಏಳುತ್ತಿಲ್ಲ. ಬಾಯಿಬಿಟ್ಟು ಹೇಳುವುದು ನನಗೆ ಚಿಕ್ಕಂದಿನಿಂದ ಕಷ್ಟ. ಬರೆಯುವುದು ಅಷ್ಟು ಕಷ್ಟವಲ್ಲ. ಊರಿನ ಶಾಲೆಯಲ್ಲಿ ಏಳನೇ ಇಯತ್ತೆವರೆಗೆ ಕಲಿತವಳು ನಾನು. ತಪ್ಪಿದ್ದರೆ ಮಕ್ಕಳೇ, ನೀವು ತಿದ್ದಿಕೊಳ್ಳಿ.

ಆಗ ನಾವು ಮಂಕಿಯಲ್ಲಿದ್ದೆವು. ಹೊನ್ನಾವರದಿಂದ ಭಟ್ಕಳಕ್ಕೆ ಹೋಗುವ ರಸ್ತೆಯ ಅಂಚಿನಲ್ಲೇ ನಮ್ಮ ಮನೆ. ಮನೆಗೆ ಸರಿ ಎದುರಿಗೆ, ರಸ್ತೆಯ ಆಚೆ, ತಗಡಿನ ಒಂದು ಶೆಡ್ಡು. ಕೆಟ್ಟುನಿಂತ ಲಾರಿಗಳನ್ನು ರಿಪೇರಿ ಮಾಡುತ್ತಿದ್ದ ಒಬ್ಬರು ಅದರಲ್ಲಿ ಒಂಟಿಯಾಗಿದ್ದರು. ಊರಿಗೆಲ್ಲ ಅವರು ಮೇಸ್ತ್ರಿ. ನಿಮ್ಮ ಅಜ್ಜನಿಗೂ ಮೇಸ್ತ್ರಿ. ನಾನು ಮಾತ್ರ ಕರೆಯಲೇಬೇಕಾದಾಗ ಮೇಸ್ತ್ರಣ್ಣ ಎನ್ನುತ್ತಿದ್ದೆ. ಹಾಗೆ ಕರೆದದ್ದನ್ನು ಎಣಿಸಿದರೆ ಎರಡು ಕೈಯ ಬೆರಳು ಸಾಕಾಗಬಹುದು.

ಶೆಡ್ಡಿನ ಒಳಭಾಗದಲ್ಲಿ, ಗೋಣಿಚೀಲಗಳ ಹೊದಿಕೆಯಡಿ ಒಂದು ಕಾರಿತ್ತು. ಇಟಲಿ ದೇಶದ್ದು. ಅಂಥ ಕಾರನ್ನು ನಾನು ಮುಂದೆಂದೂ ನೋಡಲಿಲ್ಲ. ಇಬ್ಬರು ಮಾತ್ರ ಕೂರಬಹುದಿತ್ತು. ಮೂತಿ ಉದ್ದ, ಬೆನ್ನು ಮೋಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಸೀಟುಗಳು ಕಂದು ಚರ್ಮದವು. ಮಳೆಗಾಲ ಶುರುವಾದರೆ ಹದಿನೈದು ದಿನಕ್ಕೊಮ್ಮೆ ಮೇಸ್ತ್ರಿಯವರು ಹೊದಿಕೆ ತೆಗೆದು ಆ ಚರ್ಮಕ್ಕೆ ತೆಂಗಿನೆಣ್ಣೆ ತಿಕ್ಕುತ್ತಿದ್ದರು. ನಮ್ಮ ಕಡೆ ಗಾಳಿಗೆ ಯಾವಾಗಲೂ ಒಣಮೀನಿನ ವಾಸನೆ. ಅದರ ನಡುವೆಯೂ ಆ ವಾಸನೆ ರಸ್ತೆ ದಾಟಿ ನಮ್ಮ ಜಗಲಿಗೆ ಬರುತ್ತಿತ್ತು.

ದಾರಿಯಲ್ಲಿ ಹೋಗುವವರು ಬಾಗಿಲಲ್ಲಿ ನಿಂತು ಕೆಣಕುತ್ತಿದ್ದರು.

"ಮೇಸ್ತ್ರಿ, ನಿನ್ನ ಕಾರು ಇನ್ನೂ ಎದ್ದು ನಿಲ್ಲೂದು ಕಲೀಲಿಲ್ವನಾ?"

"ನೀನು ಅದ್ರೊಳಗೆ ಹತ್ತಬೇಡ ಮಾರಾಯ. ಹೊಟ್ಟೆ ಹೊರಗೇ ಉಳೀತದೆ" ಎಂದು ಅವರು ತಲೆ ಎತ್ತದೆ ಹೇಳುತ್ತಿದ್ದರು.

ಆ ಕಾರಿನ ಚರಿತ್ರೆಯನ್ನು ನಿಮ್ಮ ಅಜ್ಜ ಅವರ ಬಾಯಿಂದ ಕೇಳಿ ನನಗೆ ಹೇಳಿದ್ದರು. ಮೊದಲು ಅದು ಗೋವೆಯ ಒಬ್ಬ ಡಾಕ್ಟರರದ್ದು. ಪೋರ್ಚುಗೀಸರ ಕಾಲದಲ್ಲಿ ಹಡಗಿನಿಂದ ಇಳಿಸಿದ್ದಂತೆ. ಪೋರ್ಚುಗೀಸರು ಹೋದ ಮೇಲೆ ಡಾಕ್ಟರರೂ ಹೊರಟರು, ಕಾರು ಕುಮಟೆಯ ಅಡಿಕೆ ಸಾಹುಕಾರರೊಬ್ಬರ ಪಾಲಾಯಿತು. ಆಗ ಮೇಸ್ತ್ರಿಯವರು ಕುಮಟೆಯ ಹುಡುಗ, ಸಾಹುಕಾರರ ಲಾರಿಗಳನ್ನು ನೋಡಿಕೊಳ್ಳುತ್ತಿದ್ದವರು. ಕಾರನ್ನು ಅವರ ಕೈಗೆ ಕೊಟ್ಟರು. ಸಾಹುಕಾರರು ಮಗನ ಮದುವೆಗೆಂದು ಕೆಂಪು ಕಾರಿಗೆ ಬಿಳಿ ಬಣ್ಣ ಹೊಡೆಸಿದರು. ಮದುಮಗ ಮದುಮಗಳು ಕೂತದ್ದೇ ಬೇಣದ ಹುಲ್ಲುಗುಡ್ಡದ ರಸ್ತೆಯ ಕಲ್ಲಿಗೆ ಕಾರಿನ ಹೊಟ್ಟೆ ತಾಗಿ ನಿಂತುಬಿಟ್ಟಿತು. ದಿಬ್ಬಣ ಮುಂದೆ ನಡೆದುಹೋಯಿತು, ಮದುಮಕ್ಕಳು ಎತ್ತಿನ ಗಾಡಿಯಲ್ಲಿ ಬಂದರು. ಆ ಮೇಲೆ ಸಾಹುಕಾರರಿಗೆ ಅದನ್ನು ಕಂಡರಾಗುತ್ತಿರಲಿಲ್ಲ. ಭಟ್ಕಳದ ಬಟ್ಟೆ ವ್ಯಾಪಾರದ ಸಾಹೇಬರೊಬ್ಬರು ಕೊಂಡರು. ಶರಾವತಿಗೆ ಆಗ ಸೇತುವೆ ಇರಲಿಲ್ಲ. ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿ ವಾಹನ ದಾಟಿಸುತ್ತಿದ್ದರು. ಆ ಹಲಗೆಯ ಮೇಲೆ ಕಾರಿನ ಜೊತೆ ಮೇಸ್ತ್ರಿಯವರೂ ನಿಂತುಕೊಂಡು ಹೊಳೆ ದಾಟಿದರು. ಕಾರು ಹೋದಲ್ಲಿ ಅವರು. ಮದುವೆ, ಮನೆ ಎಂದು ಅವರಿಗೆ ಯಾರೂ ಹೇಳಲಿಲ್ಲವೋ, ಹೇಳಿದರೂ ಅವರು ಕೇಳಲಿಲ್ಲವೋ ನನಗೆ ತಿಳಿಯದು.

ಸಾಹೇಬರು ಕಾರಿಗೆ ಹಸಿರು ಬಣ್ಣ ಹೊಡೆಸಿ ಆರೇಳು ವರ್ಷ ಇಟ್ಟುಕೊಂಡರು. ಮುಂದೆ ಅವರ ಕುಟುಂಬವೆಲ್ಲ ವ್ಯಾಪಾರಕ್ಕೆಂದು ಪರದೇಶಕ್ಕೆ ಹೊರಟಾಗ ಕೀಲಿಕೈಯನ್ನು ಮೇಸ್ತ್ರಿಯವರ ಕೈಯಲ್ಲಿಟ್ಟು, "ನಮ್ಗಿಂತ ಇದು ನಿಮ್ಗೇ ಜಾಸ್ತಿ ಗುರ್ತು. ನೀವೇ ಇಟ್ಕೊಳ್ಳಿ" ಎಂದರಂತೆ. ಕಾಗದ ಪತ್ರ ಒಂದೂ ಆಗಲಿಲ್ಲ. ಹಾಗೆ ಕಾರು ಅವರದಾಯಿತು. ಅದನ್ನು ನಿಲ್ಲಿಸಲು ಜಾಗ ಹುಡುಕುತ್ತ ಅವರು ಮಂಕಿಗೆ ಬಂದರು.

ಒಂದು ವಿಷಯ ಬರೆಯಲೇಬೇಕು, ಯಾಕೆಂದರೆ ಮುಂದಿನದೆಲ್ಲ ಅದರಿಂದಲೇ ನಿಮಗೆ ಅರ್ಥವಾಗಬೇಕು. ಆ ಕಾರಿನದೇ ಅಲ್ಲದ ಒಂದು ಸಣ್ಣ ತಿರುಪನ್ನು ಹಾಕಬೇಕಾಗಿ ಬಂದರೂ ಅವರು ಅದರ ತಲೆಗೆ ಹಳದಿ ಬಣ್ಣದ ಒಂದು ಬೊಟ್ಟು ಇಡುತ್ತಿದ್ದರು. ಒಡೆದ ದೀಪದ ಗಾಜು ಬದಲಿಸಿದರೆ ಅದರ ಅಂಚಿಗೆ ಒಂದು ಬೊಟ್ಟು. ಬಾಗಿಲ ಹಿಡಿಗೆ ಒಂದು. ನಿಮ್ಮ ಅಜ್ಜ ಯಾಕೆಂದು ಕೇಳಿದ್ದಕ್ಕೆ, "ಇದು ಅದ್ರದ್ದಲ್ಲ. ಅದ್ರದ್ದೇ ಅಂತ ನಂಬ್ಸೂದು ಪಾಪ ಅಲ್ದಾ? ನೋಡಿದವ್ರಿಗೆ ಗೊತ್ತಾಗ್ಬೇಕು" ಎಂದಿದ್ದರು. ಬಾಗಿಲ ಸಂದಿಯಲ್ಲಿ ಬಣ್ಣ ಕೆರೆದು ಮೂರು ಪದರ ತೋರಿಸುತ್ತಿದ್ದರು. ಮೇಲೆ ಹಸಿರು, ನಡುವೆ ಬಿಳಿ, ಅಡಿಯಲ್ಲಿ ಕೆಂಪು. "ಕೆಂಪೊಂದೇ ಅದರ ಮೈ" ಎನ್ನುತ್ತಿದ್ದರು. ಒಂದು ತಿರುಪಿನ ವಿಷಯದಲ್ಲೂ ಸುಳ್ಳು ಹೇಳದ ಮನುಷ್ಯ.

ಪೆಟ್ರೋಲಿನ ದರ ಒಮ್ಮೆಗೇ ಏರಿದ ಕಾಲ ಅದು. ಕಾರು ಹೊರಗೆ ಬರುವುದು ನಿಂತಿತು. ಅದೇ ಸಮಯಕ್ಕೆ ನಿಮ್ಮ ಅಜ್ಜ ಮನೆಯ ಬದಿಯ ಕೊಟ್ಟಿಗೆಯಲ್ಲಿ ಹಿಟ್ಟಿನ ಗಿರಣಿ ಹಾಕಬೇಕೆಂದು ಹೊರಟಿದ್ದರು. ಕಲ್ಲು ಬಂತು, ಬೆಲ್ಟು ಬಂತು. ಗಿರಣಿ ಓಡಿಸುವಷ್ಟು ಕರೆಂಟು ನಮ್ಮ ಬದಿಗೆ ಬಂದಿರಲಿಲ್ಲ. ಡೀಸೆಲ್ ಎಂಜಿನ್ನಿಗೆ ಹೆಸರು ಬರೆಸಿ ಬಂದರು, ಅದು ಇವತ್ತು ಬರುತ್ತದೆ ನಾಳೆ ಬರುತ್ತದೆ ಎಂದು ನಾಲ್ಕು ತಿಂಗಳಾಯಿತು. ಒಂದು ಸಂಜೆ ಮೇಸ್ತ್ರಿಯವರು ನಮ್ಮ ಜಗಲಿಯ ಕೆಳಗೆ ನಿಂತು ಹೇಳಿದರು.

"ನನ್ನ ಕಾರಿನ ಎಂಜಿನ್ ಅಲ್ಲಿ ಸುಮ್ನೆ ಕೂತದೆ. ಎಂಜಿನ್ ಕೂತ್ರೆ ತುಕ್ಕು ಹಿಡ್ದು ಸಾಯ್ತದೆ. ನಿಂದು ಬರೂವರೆಗೆ ಅದೇ ಓಡ್ಲಿ."

"ಇಟಲಿ ಎಂಜಿನ್ನಲ್ಲಿ ರಾಗಿ ಬೀಸೂದಾ ಮೇಸ್ತ್ರಿ?" ಎಂದು ನಿಮ್ಮ ಅಜ್ಜ ನಕ್ಕರು.

"ಅದಕ್ಕೆ ಎಂತ ಗೊತ್ತು ರಾಗಿಯಾ ರಸ್ತೆಯಾ ಅಂತ? ತಿರುಗಿದ್ರೆ ಆತು."

ಮರುದಿನ ನಾಲ್ಕು ಜನ ಬಿದಿರಿನ ಬೊಂಬಿಗೆ ಕಟ್ಟಿ ಎಂಜಿನ್ನನ್ನು ರಸ್ತೆ ದಾಟಿಸಿದರು. ಸೀಮೆಎಣ್ಣೆಗೆ ಒಗ್ಗುವ ಹಾಗೆ ಅದರೊಳಗೆ ಏನೇನೋ ಬದಲಾಯಿಸಿದರು. ತಣ್ಣಗಿರಲೆಂದು ಪಕ್ಕದಲ್ಲಿ ನೀರಿನ ಡ್ರಮ್ಮು ಇಟ್ಟು ಕೊಳವೆ ಜೋಡಿಸಿದರು. ಶುರು ಮಾಡಲು ಒಂದು ಚಮಚ ಪೆಟ್ರೋಲು, ಆಮೇಲೆ ಸೀಮೆಎಣ್ಣೆ. ಬೇರೆ ಗಿರಣಿಗಳು ಟಪಟಪ ಎಂದು ಬಡಿದುಕೊಂಡರೆ ನಮ್ಮದು ದನಿ ಎತ್ತಿ ಹಾಡುತ್ತಿತ್ತು. ಬುಟ್ಟಿ ಹೊತ್ತು ಬಂದ ಹೆಂಗಸರು, "ನಿಮ್ಮ ಗಿರಣಿಗೆ ಗಂಟಲು ಚಲೋ ಅದೆ" ಎನ್ನುತ್ತಿದ್ದರು.

ಆ ಹಾಡನ್ನು ನಿಮ್ಮ ಅಜ್ಜ ಕೇಳಿದ್ದು ಹನ್ನೊಂದು ತಿಂಗಳು. ಕಾಮಾಲೆಯಾಯಿತು... ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ನಿಮ್ಮ ಅಪ್ಪನಿಗೆ ಆಗ ಮೂರು ವರ್ಷ. ನಿಮ್ಮ ಅತ್ತೆ ಇನ್ನೂ ನನ್ನ ಹೊಟ್ಟೆಯಲ್ಲಿದ್ದಳು.

ತವರಿನವರು ಕರೆದರು, ನಾನು ಹೋಗಲಿಲ್ಲ. ಸೂತಕ ಕಳೆದು, ಬಾಣಂತನ ಕಳೆದು, ಗಿರಣಿಯ ಬಾಗಿಲು ತೆಗೆದೆ. ಮಾತು ಬಾರದವಳಿಗೆ ಅದು ಒಳ್ಳೆಯ ಕೆಲಸ. ಎಂಜಿನ್ನು ಓಡುವಾಗ ಯಾರೂ ಮಾತಾಡಿಸುವುದಿಲ್ಲ. ಬುಟ್ಟಿ ಇಡುತ್ತಾರೆ, ಬೆರಳು ತೋರಿಸುತ್ತಾರೆ, ಸಣ್ಣಗೋ ದಪ್ಪಗೋ ಎಂದು ಕೈಸನ್ನೆ ಮಾಡುತ್ತಾರೆ. ಅಕ್ಕಿ, ರಾಗಿ, ಗೋಧಿ ದಿನವೂ. ಮೆಣಸಿನಕಾಯಿ ಮಂಗಳವಾರ ಮಾತ್ರ, ಅವತ್ತು ರಸ್ತೆಯಲ್ಲಿ ಹೋಗುವವರೂ ಸೀನುತ್ತಿದ್ದರು.

ಡೀಸೆಲ್ ಎಂಜಿನ್ನು ಬಂದಿದೆ ಎಂಬ ಕಾಗದ ಯಾವಾಗಲೋ ಬಂತು. ತೆಗೆದುಕೊಳ್ಳಲು ನನ್ನಿಂದಾಗಲಿಲ್ಲ. ಮೇಸ್ತ್ರಿಯವರು ಒಂದು ದಿನವೂ ಕೇಳಲಿಲ್ಲ. ಪ್ರತಿ ಶನಿವಾರ ಬೆಳಿಗ್ಗೆ ಎಂಟಕ್ಕೆ ಸ್ಪಾನರಿನ ಚೀಲ ಹಿಡಿದು ರಸ್ತೆ ದಾಟಿ ಬರುತ್ತಿದ್ದರು. ಗಿರಣಿಯ ಎರಡೂ ಬಾಗಿಲು ತೆರೆದಿರಬೇಕು, ನಾನು ಮಗುವನ್ನೆತ್ತಿಕೊಂಡು ಹೊರಗಿನ ಕಲ್ಲಿನ ಮೇಲೆ ಕೂರಬೇಕು. ಯಾರೂ ಹೇಳಿಕೊಡದೆ ನಾವಿಬ್ಬರೂ ಪಾಲಿಸಿಕೊಂಡು ಬಂದ ಪದ್ಧತಿ ಅದು. ಊರಿನ ಕಣ್ಣು ನಮಗೆ ಗೊತ್ತಿತ್ತು. ಅವರು ಮಾತಾಡಿದರೂ ಎಂಜಿನ್ನಿನ ಜೊತೆಗೇ. "ಇವತ್ತು ಇದಕ್ಕೆ ಬೇಜಾರು. ಎಣ್ಣೆ ಬೇಕಂತೆ." ನಾನು ಎಣ್ಣೆಯ ಡಬ್ಬಿ ತಂದು ಹೊಸ್ತಿಲ ಮೇಲಿಟ್ಟು ಹಿಂದೆ ಸರಿಯುತ್ತಿದ್ದೆ. "ಈಗ ಖುಷಿಯಾತು ನೋಡು ಇದಕ್ಕೆ." ಅಷ್ಟೇ. ಒಂದು ವಾರದಲ್ಲಿ ದೊಡ್ಡವರೊಬ್ಬರು ನನ್ನ ಹತ್ತಿರ ಆಡಿದ ಮಾತು, ಹಿಟ್ಟಿನ ಮಾತು ಬಿಟ್ಟರೆ, ಎಷ್ಟೋ ಸಲ ಅಷ್ಟೇ ಇರುತ್ತಿತ್ತು.

ಆಯುಧಪೂಜೆಯ ದಿನ ಅವರು ಕಾರನ್ನು ತೊಳೆದು ಬಾನೆಟ್ಟಿನ ಮೇಲೆ ಕುಂಕುಮ ಹಚ್ಚಿ ಹೂ ಇಟ್ಟು, ಗಂಧದಕಡ್ಡಿ ಬೆಳಗಿ, ಆ ಕಡ್ಡಿ ಆರುವ ಮೊದಲೇ ರಸ್ತೆ ದಾಟಿ ಬಂದು ಗಿರಣಿಯ ಎಂಜಿನ್ನಿಗೂ ಬೆಳಗುತ್ತಿದ್ದರು. ಕಾರು ಒಂದೇ, ಪೂಜೆಯೂ ಒಂದೇ ಎಂಬುದು ಅವರ ಲೆಕ್ಕ. ಲಾರಿಯವರು ಹಾರ್ನ್ ಹೊಡೆದು, "ಮೇಸ್ತ್ರಿ, ದೇವರನ್ನ ಯಾಕೆ ಹೀಂಗೆ ಓಡಿಸ್ತೀರಿ?" ಎಂದು ನಗುತ್ತಿದ್ದರು. ಅವರು ಕಡ್ಡಿಗೆ ಅಂಗೈ ಮರೆಮಾಡಿಕೊಂಡು ನಡೆಯುತ್ತಿದ್ದರು.

ಹೀಗೆ ಏಳೆಂಟು ವರ್ಷ ಹೋಯಿತು.

ಇಸವಿ ಎಂಬತ್ತು ದಾಟಿದ ಮೇಲೆ, ಒಂದು ಚಳಿಗಾಲದ ಗುರುವಾರ, ಹೊನ್ನಾವರದ ಬಾಡಿಗೆ ಕಾರೊಂದು ಶೆಡ್ಡಿನ ಮುಂದೆ ನಿಂತಿತು. ಬೊಂಬಾಯಿಯ ಒಬ್ಬ ಮುದುಕರು ಇಳಿದರು. ಬಿಳಿ ಪ್ಯಾಂಟು, ತಲೆಗೆ ಹ್ಯಾಟು, ಕೈಯಲ್ಲಿ ಒಂದು ನೋಟುಬುಕ್ಕು. ನಾನು ಆಗ ಗಿರಣಿ ನಿಲ್ಲಿಸಿ ಕಲ್ಲು ಗುಡಿಸುತ್ತಿದ್ದೆ. ಬಾಗಿಲಿಂದ ಎಲ್ಲ ಕಾಣುತ್ತಿತ್ತು. ಮೇಸ್ತ್ರಿಯವರು ಹೊದಿಕೆ ಸರಿಸಿದರು. ಮುದುಕರು ನೆಲಕ್ಕೆ ಮೊಣಕಾಲೂರಿ ಕಾರಿನಡಿ ಬಗ್ಗಿ, ಅಲ್ಲಿದ್ದ ಯಾವುದೋ ನಂಬರನ್ನು ತಮ್ಮ ನೋಟುಬುಕ್ಕಿನ ಜೊತೆ ತಾಳೆ ನೋಡಿದರು. ಎದ್ದು ನಿಂತವರು ಕಣ್ಣೊರೆಸಿಕೊಂಡರು. ಆಮೇಲೆ ಹಳದಿ ಬೊಟ್ಟುಗಳನ್ನು ಒಂದೊಂದಾಗಿ ಮುಟ್ಟುತ್ತ ಕಾರಿಗೆ ಸುತ್ತು ಬಂದರು, ಮೇಸ್ತ್ರಿಯವರ ಹೆಗಲ ಮೇಲೆ ಕೈಯಿಟ್ಟರು. ಬಾನೆಟ್ಟು ಎತ್ತಿದರು...

ಮೇಸ್ತ್ರಿಯವರು ಒಮ್ಮೆ ನನ್ನ ಗಿರಣಿಯ ಕಡೆ ನೋಡಿದರು. ಆಮೇಲೆ ಇಲ್ಲವೆಂದು ತಲೆಯಾಡಿಸಿ ಏನೋ ಹೇಳಿದರು. ಅವರು ಆಡುತ್ತಿದ್ದ ಹಿಂದಿ ನನಗೆ ತಿಳಿಯುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಬಾಡಿಗೆ ಕಾರಿನ ಡ್ರೈವರ್ ನೀರು ಕೇಳಿಕೊಂಡು ಬಂದ. ಹೊನ್ನಾವರದವನೇ, ಮಾತಿನ ಮಲ್ಲ. ಚೊಂಬು ಎತ್ತಿ ಕುಡಿದು, ಕೇಳದಿದ್ದರೂ ಹೇಳತೊಡಗಿದ.

"ಅಮ್ಮಾ, ಆ ಮುದುಕ್ರಿಗೆ ಕಾರಿನ ಮರುಳು. ಲೋಕದಲ್ಲೇ ಇಂಥವು ನಾಕೈದು ಉಳ್ದಿರಬೋದಂತೆ. ಗೋವೆಯಿಂದ ಜಾಡು ಹಿಡ್ಕಂಡು ಕುಮಟೆ, ಕುಮಟೆಯಿಂದ ಇಲ್ಲಿ. ಎಲ್ಲ ಅಸಲಿನೇ ಅದೆ, ಎಂಜಿನ್ ಒಂದಿಲ್ಲ."

"ಎಂತ ಹೇಳಿದ್ರು?" ನನ್ನ ಬಾಯಿಂದ ಹೇಗೆ ಬಂತೋ.

"ಮೇಸ್ತ್ರಿಯಾ? ಗುಜರಿಗೆ ಹೋತು ಅಂದ್ರು. ಮುದುಕ್ರ ಮುಖ ನೋಡ್ಬೇಕಿತ್ತು! ಎಂಜಿನ್ ಇದ್ದಿದ್ರೆ ಕಾರಿನ ಸಂಗಡ ಮೇಸ್ತ್ರಿನ್ನೂ ಬೊಂಬಾಯಿಗೆ ಕರ್ಕಂಡು ಹೋಗ್ತಿದ್ರಂತೆ. ಬೇರೆ ಯಾರ ಕೈಗೂ ಅದನ್ನ ಕೊಡೂದಿಲ್ಲ ಅಂದ್ರು. ಇರೂಕೆ ಕೋಣೆ, ಬದುಕಿದ್ದಷ್ಟು ದಿನ ಅದೇ ಕೆಲಸ. ಈಗ ಎಂತದೂ ಇಲ್ಲ. ಬರೀ ತಗಡು ನೋಡ್ಕಳೂಕೆ ಮೇಸ್ತ್ರಿ ಯಾಕೆ?" ಚೊಂಬು ಕೆಳಗಿಟ್ಟು ಮತ್ತೆ ಹೇಳಿದ: "ಭಟ್ಕಳದಲ್ಲಿ ಸಾಹೇಬ್ರ ನೆಂಟ್ರ ಹತ್ರ ಹಳೇ ಕಾಗದ ಕೇಳೂಕೆ ಹೊಂಟಾರೆ. ಶನಿವಾರ ಮಧ್ಯಾಹ್ನ ಹಿಂದೆ ಬತ್ರು. ಅಷ್ಟ್ರಲ್ಲಿ ಗುಜರಿಯವ್ನ ಹತ್ರ ವಿಚಾರ್ಸು ಅಂತ ಮೇಸ್ತ್ರಿಗೆ ಹೇಳಿದಾರೆ. ಅದರ ಸದ್ದು ಕಣ್ಮುಚ್ಚಿ ಕೇಳಿದ್ರೂ ನಂಗೆ ಗುರ್ತು ಸಿಗ್ತದೆ ಅಂತಾರೆ, ಕೇಳಿ ಅಮ್ಮಾ!"

ಅವನು ಹೋದ ಮೇಲೆ ನಾನು ಎಂಜಿನ್ನಿನ ಮುಂದೆ ಕುಳಿತುಬಿಟ್ಟೆ. ಹಿಟ್ಟು, ಮೆಣಸಿನಪುಡಿ, ಎಣ್ಣೆ ಕೂಡಿ ಅದರ ಮೈಮೇಲೆ ಒಂದು ಬೆರಳು ದಪ್ಪದ ಕೆಸರು ಕಟ್ಟಿತ್ತು. ಅದು ಹೋದರೆ ಗಿರಣಿಯಿಲ್ಲ. ಗಿರಣಿ ಹೋದರೆ ಎರಡು ಮಕ್ಕಳ ತಟ್ಟೆಗೆ ಏನು ಹಾಕಲಿ? ಅದು ಇದ್ದರೆ ಎದುರಿನ ಮನುಷ್ಯನ ಇಡೀ ಬದುಕು ಇಲ್ಲೇ ಈ ತಗಡಿನಡಿ ಮುಗಿಯುತ್ತದೆ. ಒಂದು ತಿರುಪಿಗೆ ಹಳದಿ ಬೊಟ್ಟಿಟ್ಟವರು ನನಗಾಗಿ ಅಷ್ಟು ದೊಡ್ಡ ಸುಳ್ಳು ಹೇಳಿದ್ದರು. ಕೊಡಬೇಕು ಎಂದುಕೊಂಡೆ. ಅವರು ಕೇಳಿದರೆ ಕೊಡುತ್ತೇನೆ ಎಂದುಕೊಂಡೆ.

ಶನಿವಾರ ಎಂಟಕ್ಕೆ ಅವರು ಎಂದಿನಂತೆ ಬಂದರು. ನಾನು ಎಂದಿನಂತೆ ಹೊರಗಿನ ಕಲ್ಲಿನ ಮೇಲೆ ಕುಳಿತೆ. ಅವರು ಏನೋ ಬಿಚ್ಚಿ ಊದಿ ಮತ್ತೆ ಹಾಕಿದರು. "ಗಂಟಲು ಸ್ವಲ್ಪ ಕಟ್ಟಿತ್ತು ಇದಕ್ಕೆ" ಎಂದರು, ಎಂಜಿನ್ನಿಗೇ. ಕಾರಿನ ಮಾತಿಲ್ಲ, ಮುದುಕರ ಮಾತಿಲ್ಲ. ಚೀಲ ಕಟ್ಟಿ ಎದ್ದರು.

"ಮೇಸ್ತ್ರಣ್ಣ" ಎಂದೆ.

"ಎಂತ ತಂಗಿ?"

ಅವರು ನಿಂತು ಕಾದರು. ಅಷ್ಟು ಹೊತ್ತು ಅವರು ನನ್ನ ಮುಖ ನೋಡಿದ್ದು ಅದೇ ಮೊದಲು.

"ಚಾ ಮಾಡ್ಲಾ?"

"ಬ್ಯಾಡ ತಂಗಿ" ಎಂದು ರಸ್ತೆ ದಾಟಿದರು.

ಆಗ ನಾನು ಗಿರಣಿ ನಿಲ್ಲಿಸಿದೆ. ಬುಟ್ಟಿ ತಂದವರಿಗೆ ಬೆಲ್ಟು ಹರಿದಿದೆ ಎಂದು ಸುಳ್ಳು ಹೇಳಿ ಕಳಿಸಿದೆ. ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಎಂಜಿನ್ನಿನ ಮೈಯೆಲ್ಲ ತಿಕ್ಕಿದೆ. ಕೆಸರಿನಡಿಯಿಂದ ಬೆಳ್ಳಿಯಂಥ ಮೈ ಹೊರಟಿತು. ಬದಿಯಲ್ಲಿ ಕೊರೆದ ನಂಬರು ಕಂಡಿತು. ಅದು ಬಾಗಿಲಿಂದ ಕಾಣಲೆಂದು ನೀರಿನ ಡ್ರಮ್ಮನ್ನು ಪಕ್ಕಕ್ಕೆ ಸರಿಸಿದೆ. ಎರಡೂ ಬಾಗಿಲು ಗೋಡೆಗೆ ತಾಗುವಷ್ಟು ತೆರೆದೆ. ಮೇಸ್ತ್ರಿಯವರು ನೋಡುತ್ತಾರೆ, ತಿಳಿದುಕೊಳ್ಳುತ್ತಾರೆ, ಮುದುಕರನ್ನು ಕರೆದುಕೊಂಡು ಬರುತ್ತಾರೆ. ನಾನು ಏನೂ ಹೇಳಬೇಕಾಗಿಲ್ಲ. ಹೀಗೆ ಲೆಕ್ಕ ಹಾಕಿ ಹೊಸ್ತಿಲಲ್ಲಿ ನಿಂತೆ.

ಮಧ್ಯಾಹ್ನ ಬಾಡಿಗೆ ಕಾರು ಬಂತು. ಮುದುಕರು ಇಳಿದು ಕೇಳಿದರು. ಮೇಸ್ತ್ರಿಯವರು ಗಿರಣಿಯ ಕಡೆ ನೋಡಿದರು, ನನ್ನನ್ನೂ ನೋಡಿದರು. ನಾನು ಸೆರಗು ಬಿಗಿಹಿಡಿದು ನಿಂತೇ ಇದ್ದೆ. ಹದಿನೈದು ಹೆಜ್ಜೆ ಅಗಲದ ರಸ್ತೆ. ಒಂದು ಲಾರಿ ಹೋಯಿತು, ಅದರ ಹಿಂದೆ ಒಂದು ಬಸ್ಸು ಹೋಯಿತು. ಆಮೇಲೆ ರಸ್ತೆ ಖಾಲಿಯೇ ಇತ್ತು. ಹೆಂಗಸೊಬ್ಬಳು ಆ ಶೆಡ್ಡಿಗೆ ನಡೆದುಹೋಗುವುದನ್ನು ನೋಡಲು ಅಂಗಡಿಯ ಕಟ್ಟೆಯಲ್ಲಿ ಮೂವರು ಕುಳಿತಿದ್ದರು. ನಾನು ಹೊಸ್ತಿಲು ಇಳಿಯಲಿಲ್ಲ. ಆಚೆ ಮೇಸ್ತ್ರಿಯವರು ಮತ್ತೆ ಇಲ್ಲವೆಂದು ತಲೆಯಾಡಿಸಿದರು. ಮುದುಕರು ಹ್ಯಾಟು ತಲೆಗಿಟ್ಟು ಕಾರು ಹತ್ತಿದರು.

ಸಂಜೆ ಮೇಸ್ತ್ರಿಯವರು ಬಂದು ಅಂಗಳದಲ್ಲೇ ನಿಂತರು. ದನಿ ತಗ್ಗಿಸಿ ಹೇಳಿದರು.

"ಹೆದರಬ್ಯಾಡ ತಂಗಿ. ಹೋದ್ರು ಅವ್ರು. ನೀ ಗಿರಣಿ ನಿಲ್ಸಿದ್ದು ಒಳ್ಳೇದಾತು. ಇದರ ಸದ್ದು ಕಿವಿಗೆ ಬಿದ್ದಿದ್ರೆ ಮುದುಕ ಬಿಡ್ತಿರ್ಲಿಲ್ಲ. ನಾಳೆಯಿಂದ ಓಡ್ಸು."

ಎಂಜಿನ್ನನ್ನು ಬಚ್ಚಿಡಲು ಗಿರಣಿ ನಿಲ್ಲಿಸಿದ್ದೇನೆ ಎಂದು ಅವರು ತಿಳಿದಿದ್ದರು. ಕೊಡಲಿಕ್ಕೆಂದೇ ನಿಲ್ಲಿಸಿದ್ದು ಎಂದು ನಾನು ಹೇಳಬೇಕಿತ್ತು. ಹೂಂ ಎಂದು ತಲೆಯಾಡಿಸಿದೆ. ಮರುದಿನ ಗಿರಣಿ ಓಡಿಸಿದೆ.

ಮಕ್ಕಳೇ, ಇಷ್ಟು ವರ್ಷ ನಾನು ನನಗೇ ಹೇಳಿಕೊಂಡದ್ದು ಇದನ್ನೇ: ಕೊಡಲಿಕ್ಕೆಂದೇ ನಿಲ್ಲಿಸಿದ್ದೆ. ಆದರೆ ನಿಜವಾಗಿ ಕೊಡುವ ಮನಸ್ಸಿದ್ದವಳು ಮಾಡಬೇಕಾದದ್ದು ಒಂದೇ ಇತ್ತು. ಗಿರಣಿ ಓಡಿಸುತ್ತಿದ್ದರೆ ಸಾಕಿತ್ತು. ಬಾಯಿ ತೆರೆಯುವುದು ಬೇಡ, ರಸ್ತೆ ದಾಟುವುದು ಬೇಡ. ಮುದುಕರು ಕಾರಿನಿಂದ ಕಾಲು ಕೆಳಗಿಡುವ ಮೊದಲೇ ಅದರ ದನಿ ಹಿಡಿದು ಬರುತ್ತಿದ್ದರು. ಡ್ರೈವರ್ ನನಗೆ ಅದನ್ನು ಹೇಳಿಯೇ ಹೋಗಿದ್ದ. ಒರೆಸಲು ನಿಲ್ಲಿಸಲೇಬೇಕಿತ್ತು, ಸರಿ. ಒರೆಸಿದ ಮೇಲೆ ಯಾಕೆ ಶುರು ಮಾಡಲಿಲ್ಲ? ಮಕ್ಕಳ ಊಟ ಹೋದೀತೆಂಬ ಹೆದರಿಕೆ, ಅದು ಇತ್ತು. ಅದೊಂದೇ ಇತ್ತೇ? ಶನಿವಾರ ಎಂಟಕ್ಕೆ ರಸ್ತೆ ದಾಟಿ ಬರುವವರು ಇನ್ನು ಬರುವುದಿಲ್ಲವಲ್ಲ ಎಂಬುದೂ ಎಲ್ಲೋ ಇತ್ತೇ... ಇದಕ್ಕಿಂತ ಹೆಚ್ಚು ಬರೆಯಲು ನನಗೆ ಈ ವಯಸ್ಸಿನಲ್ಲೂ ನಾಚಿಕೆ.

ಹದಿನೈದು ದಿನದ ಮೇಲೆ ಲಾರಿ ಬಂತು. ಎಂಜಿನ್ನಿಲ್ಲದಿದ್ದರೂ ಮುದುಕರಿಗೆ ಆ ಕಾರನ್ನು ಕೈಬಿಡಲು ಮನಸ್ಸು ಬಂದಿರಲಿಲ್ಲ, ಬರೀ ಮೈಯನ್ನೇ ತರಿಸಿಕೊಂಡರು. ಇಲ್ಲಿದ್ದು ತುಕ್ಕು ಹಿಡಿಯುವುದಕ್ಕಿಂತ ಅಲ್ಲಿರಲಿ ಎಂದು ಮೇಸ್ತ್ರಿಯವರೂ ಒಪ್ಪಿದ್ದರಂತೆ. ಅವತ್ತು ಬೆಳಿಗ್ಗೆ ಮೇಸ್ತ್ರಿಯವರು ಸೀಟುಗಳಿಗೆ ಇನ್ನೊಮ್ಮೆ ಎಣ್ಣೆ ತಿಕ್ಕಿದರು. ಹಲಗೆ ಹಾಕಿ ಮೇಲೆ ತಳ್ಳುವಾಗ ಪ್ರತಿ ಚಕ್ರದಡಿ ತಮ್ಮ ಕೈಯಿಂದಲೇ ಗೋಣಿಚೀಲ ಮಡಚಿಟ್ಟರು. ಯಾವ ಯಾವ ಭಾಗ ಅದರದ್ದಲ್ಲ ಎಂದು ಬರೆದ ಹಾಳೆಯನ್ನು ಲಾರಿಯವನ ಜೇಬಿಗೆ ಹಾಕಿದರು. ಲಾರಿ ಹೊನ್ನಾವರದ ಕಡೆ ಹೊರಟಿತು. ಆ ಕಾರು ಅವರನ್ನು ಬಿಟ್ಟು ಒಂದು ಕಡೆಗೆ ಹೋದದ್ದು ಅದೇ ಮೊದಲು. ಅವರು ಲಾರಿ ತಿರುವು ದಾಟುವವರೆಗೆ ನಿಂತು, ಒಳಗೆ ಹೋಗಿ ಶೆಡ್ಡು ಗುಡಿಸತೊಡಗಿದರು. ಬಹಳ ಹೊತ್ತು ಗುಡಿಸಿದರು.

ಆಮೇಲೂ ಶನಿವಾರ ಬರುತ್ತಿದ್ದರು. ಎಂಜಿನ್ನಿನ ಜೊತೆ ಮಾತು ಕಡಿಮೆಯಾಯಿತು. ಲಾರಿ ಕೆಲಸವೂ ಕಡಿಮೆ ಮಾಡಿದರು. ಅರ್ಧ ಬಾಗಿಲು ಮುಚ್ಚಿದ ಶೆಡ್ಡಿನೊಳಗೆ ಖಾಲಿ ಜಾಗವನ್ನು ಬಿಟ್ಟು ಒಂದು ಮೂಲೆಯಲ್ಲೇ ಕೂರುತ್ತಿದ್ದರು.

ನಾಲ್ಕೈದು ವರ್ಷಕ್ಕೆ ನಮ್ಮ ಬದಿಗೆ ದೊಡ್ಡ ಕರೆಂಟು ಬಂತು. ನಾನು ಮೋಟರು ಹಾಕಿಸಿದೆ. ಅವರೇ ಬಂದು ಎಂಜಿನ್ನು ಬಿಚ್ಚಿದರು. ಇವತ್ತು ಹೇಳಿಯೇ ಬಿಡುತ್ತೇನೆ ಎಂದು ನಾನು ಹತ್ತಿರ ಹೋದೆ. "ಬದಿಗೆ ನಿಂತ್ಕ ತಂಗಿ, ಕಾಲ್ಮೇಲೆ ಬೀಳ್ತದೆ" ಎಂದರು. ಬದಿಗೆ ನಿಂತೆ. ನಾಲ್ಕು ಜನ ಬೊಂಬಿಗೆ ಕಟ್ಟಿ ಅದನ್ನು ಆಚೆ ಒಯ್ದು, ಕಾರು ಇದ್ದ ಜಾಗದಲ್ಲಿ ಇಳಿಸಿದರು. ಬೊಂಬಾಯಿಯ ಮುದುಕರು ಅಷ್ಟರಲ್ಲಿ ತೀರಿಕೊಂಡಿದ್ದರು, ಕಾರು ಯಾವುದೋ ಹೊರದೇಶಕ್ಕೆ ಹೋಯಿತು ಎಂದು ಆ ಡ್ರೈವರೇ ಎಂದೋ ಹೇಳಿಹೋಗಿದ್ದ. ಕರೆಂಟಿನ ಮೋಟರಿಗೆ ಗಂಟಲು ಕಟ್ಟುವುದಿಲ್ಲ, ಬೇಜಾರಾಗುವುದಿಲ್ಲ. ಅದಕ್ಕೆ ಶನಿವಾರವೂ ಬೇಕಿರಲಿಲ್ಲ.

ಮುಂದಿನ ಮಳೆಗಾಲದಲ್ಲಿ ಅವರಿಗೆ ಉಬ್ಬಸ ಜಾಸ್ತಿಯಾಗಿ ಅಕ್ಕನ ಮಗ ಬಂದು ಕುಮಟೆಗೆ ಕರೆದುಕೊಂಡು ಹೋದ. ಹೋಗುವಾಗ ನಾನು ಗಿರಣಿಯೊಳಗಿದ್ದೆ, ಗೊತ್ತಾಗಲಿಲ್ಲ. ತೀರಿಕೊಂಡ ಸುದ್ದಿಯನ್ನು ಎಂಟು ದಿನದ ಮೇಲೆ ಹಿಟ್ಟು ಬೀಸಲು ಬಂದವರೊಬ್ಬರು ಹೇಳಿದರು. ಕಲ್ಲಿಗೆ ಅಕ್ಕಿ ಸುರಿಯುತ್ತಿದ್ದೆ. ಸುರಿದು ಮುಗಿಸಿದೆ.

ತಿಂಗಳ ಮೇಲೆ ಆ ಅಕ್ಕನ ಮಗ ಗುಜರಿಯ ಟೆಂಪೋ ತಂದು ಶೆಡ್ಡು ಖಾಲಿ ಮಾಡಿಸುತ್ತಿದ್ದ. ತಗಡು, ಸ್ಪಾನರು, ಡಬ್ಬಿಗಳು. ಎಂಜಿನ್ನಿಗೆ ಹಗ್ಗ ಹಾಕುವುದು ಕಂಡದ್ದೇ ನಾನು ಬಾಗಿಲು ತೆಗೆದಿಟ್ಟು ರಸ್ತೆ ದಾಟಿದೆ. ಆ ರಸ್ತೆಯನ್ನು ಆ ಶೆಡ್ಡಿಗೆಂದು ದಾಟಿದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ. ಹೋಗಿ ಎಂಜಿನ್ನಿನ ಪಕ್ಕ ನಿಂತೆ. ಅದರ ಮೇಲೆ ಕೈಯಿಟ್ಟೆ.

ಒಳ್ಳೆಯ ಹುಡುಗ ಅವನು. ಕೆಲಸದವರಿಗೆ ನಿಲ್ಲಿ ಎಂದ.

"ಇದು ನಿಮ್ಮ ಗಿರಣಿದಾ ಅಮ್ಮಾ? ನಿಮ್ದಾದ್ರೆ ಹೇಳಿ, ಈಗ್ಲೇ ಆಚೆ ಇಡಿಸ್ತೆ. ನಂಗೆ ಬ್ಯಾಡ."

ನನ್ನದು ಎಂದಿದ್ದರೆ ಉಳಿಯುತ್ತಿತ್ತು. ಆದರೆ ನನ್ನದಲ್ಲವೆಂದು ಗೊತ್ತಿದ್ದೂ ಒಮ್ಮೆ ಇಟ್ಟುಕೊಂಡಿದ್ದೆ. ಅವರು ಸತ್ತ ಮೇಲೆ ಅವರ ಶೆಡ್ಡಿನಲ್ಲೇ ನಿಂತು ಅದೇ ಮಾತನ್ನು ಬಾಯಿಬಿಟ್ಟು ಹೇಳಲು ನನ್ನಿಂದಾಗಲಿಲ್ಲ.

"ಅಲ್ಲ" ಎಂದೆ.

"ಮತ್ತೆ ಯಾರ್ದು?"

"ಕಾರಿಂದು."

"ಕಾರೆಲ್ಲದೆ?" ಎಂದು ಅವನು ಸುತ್ತ ನೋಡಿ, ಪಾಪದವಳು ಎಂದುಕೊಂಡಿರಬೇಕು, ಮೆತ್ತಗೆ ನಕ್ಕ. ಎಂಜಿನ್ನನ್ನು ಟೆಂಪೋಗೆ ಎತ್ತಿದರು. ಗುಜರಿಗೆ ಹೋಯಿತು ಎಂದು ಮೇಸ್ತ್ರಿಯವರು ಅಂದು ಹೇಳಿದ್ದ ಸುಳ್ಳು ಆ ದಿನ ನನ್ನ ಕಣ್ಣೆದುರೇ ನಿಜವಾಯಿತು.

ಈಗ ಆ ರಸ್ತೆ ನಾಲ್ಕು ಪಟ್ಟು ಅಗಲವಾಗಿದೆ. ಅಗಲ ಮಾಡುವಾಗ ಶೆಡ್ಡಿನ ಜಾಗವೂ ಹೋಯಿತು, ಗಿರಣಿಯೂ ಹೋಯಿತು. ನಿಮ್ಮ ಅಪ್ಪನ ಜೊತೆ ಭಟ್ಕಳಕ್ಕೆ ಹೋಗುವಾಗ ಎಲ್ಲಿ ಯಾವುದಿತ್ತೆಂದು ನನಗೇ ಗುರುತು ಸಿಗುವುದಿಲ್ಲ. ಆ ಕಾರು ಯಾವ ದೇಶದಲ್ಲಿದೆಯೋ, ಅದರೊಳಗೆ ಈಗ ಯಾವ ಎಂಜಿನ್ನಿದೆಯೋ. ಅದನ್ನು ಇಟ್ಟುಕೊಂಡವರು ಬಂದವರಿಗೆ ಅದರ ಚರಿತ್ರೆ ಹೇಳುತ್ತಿರಬಹುದು. ಗೋವೆಯ ಡಾಕ್ಟರರು, ಕುಮಟೆಯ ಸಾಹುಕಾರರು, ಭಟ್ಕಳದ ಸಾಹೇಬರು, ಬೊಂಬಾಯಿಯ ಮುದುಕರು. ಕಾಗದದಲ್ಲಿ ಇಲ್ಲದವರ ಮಾತನ್ನು ಯಾರು ಹೇಳುತ್ತಾರೆ? ಅದನ್ನು ಎಲ್ಲರಿಗಿಂತ ಹೆಚ್ಚು ಕಾಲ ಸಾಕಿದವರು ಆ ಪಟ್ಟಿಯಲ್ಲಿರುವುದಿಲ್ಲ.

ಕೊಡಲಿಕ್ಕೆಂದು ನಿಲ್ಲಿಸಿದ್ದೆ ಮೇಸ್ತ್ರಣ್ಣ, ಆದರೆ ಕೊಡುವಷ್ಟು ನಾನು ಒಳ್ಳೆಯವಳಾಗಿರಲಿಲ್ಲ. ಇಷ್ಟೇ ಮಾತು. ಕೇಳಬೇಕಾದವರು ಇಲ್ಲ. ಅದಕ್ಕೆ ನಿಮಗೆ ಹೇಳಿದ್ದೇನೆ.